14 ವರ್ಷದ ಹ್ಯಾಚ್‌ಬ್ಯಾಕ್: ಸೆಲ್ಫ್ ಎಳೀತಿದೆ, ಲೈಟ್ ಮಂಕು, ಎಸಿ ಹಾಕಿದ್ರೆ ಸೂಜಿ ಮೇಲೆ. ಎಲ್ಲಿಂದ ಶುರು ಮಾಡೋದು?

ಕೆಂಪು ಹ್ಯಾಚ್:

1.2 ಲೀಟರ್ ಪೆಟ್ರೋಲ್, ಮ್ಯಾನ್ಯುಯಲ್ ಗೇರ್, 1,38,000 ಕಿ.ಮೀ. ಓಡಿದೆ. ಎಂಜಿನ್ ಆಯಿಲ್ ಕುಡಿಯಲ್ಲ, ಹೊಗೆ ಇಲ್ಲ, ಬಾಡಿಗೆ ತುಕ್ಕು ಹಿಡಿದಿಲ್ಲ. ಹಾಗಾಗಿ ಮಾರೋ ಯೋಚನೆ ಇಲ್ಲ, ಇನ್ನೂ ನಾಲ್ಕೈದು ವರ್ಷ ಓಡಿಸಬೇಕು. ತೊಂದರೆಗಳು ಇಷ್ಟು:

ಬೆಳಗ್ಗೆ ಸೆಲ್ಫ್ ಹೊಡೆದ್ರೆ ಎಂಜಿನ್ ಎಳೆದು ಎಳೆದು ತಿರುಗುತ್ತೆ. ಬ್ಯಾಟರಿ ಹೋದ ವರ್ಷದ್ದು. ಹೆಡ್‌ಲೈಟ್ ಹಳದಿ ಹಳದಿ, ಗ್ಲಾಸ್ ಪಾಲಿಶ್ ಮಾಡಿದ್ರೂ ಅಷ್ಟೇ. ಎಸಿ ಹಾಕ್ಕೊಂಡು ಟ್ರಾಫಿಕ್ಕಲ್ಲಿ ನಿಂತ್ರೆ ಟೆಂಪರೇಚರ್ ಸೂಜಿ ಮುಕ್ಕಾಲಿಗೆ ಏರುತ್ತೆ, ಗಾಡಿ ಓಡೋಕೆ ಶುರುವಾದ್ರೆ ಅರ್ಧಕ್ಕೆ ಇಳಿಯುತ್ತೆ. ಸಣ್ಣ ಗುಂಡಿಗಳಲ್ಲಿ ಮುಂದಿನ ಎಡ ಚಕ್ರದ ಹತ್ರ ಕಟ ಕಟ ಸದ್ದು. ದೊಡ್ಡ ಹಂಪ್ ಹತ್ತಿಸಿದ್ರೆ ಸದ್ದಿಲ್ಲ.

ನನ್ನ ಲೆಕ್ಕ: ಹೊಸ ಸ್ಟಾರ್ಟರ್ ಮೋಟರ್, ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದಮೇಲೆ ಮಾತ್ರ ಕೂಲೆಂಟನ್ನ ರೇಡಿಯೇಟರಿಗೆ ಬಿಡೋ ವಾಲ್ವ್) ತೆಗೆದುಹಾಕೋದು, 100/90 ವ್ಯಾಟ್ (ಹೈ/ಲೋ) ಬಲ್ಬ್ ಇಲ್ಲಾ ಎಲ್‌ಇಡಿ, ಮುಂದಿನ ಎರಡೂ ಶಾಕ್ ಅಬ್ಸಾರ್ಬರ್. ಜೊತೆಗೆ ಟೈರ್ ಒಂದು ಸೈಜ್ ಅಗಲ ಮಾಡಿ ಓಪನ್ ಏರ್ ಫಿಲ್ಟರ್ ಹಾಕೋ ಆಸೆ. ಸಾಕೆಟ್ ಸೆಟ್, ಟಾರ್ಕ್ ರೆಂಚ್, ಮಲ್ಟಿಮೀಟರ್, ಜಾಕ್, ಎರಡು ಜಾಕ್ ಸ್ಟ್ಯಾಂಡ್ ಮನೇಲಿವೆ. ಯಾವುದು ಮೊದಲು?

ವೈರಿಂಗ್ ಮಾಮ:

ಸದ್ಯಕ್ಕೆ ಯಾವುದನ್ನೂ ಕೊಳ್ಳಬೇಡಿ. ಸೆಲ್ಫ್, ಹೆಡ್‌ಲೈಟ್, ಫ್ಯಾನ್ ಮೂರೂ ಒಟ್ಟಿಗೆ ಸೋತಿವೆ ಅಂದ್ರೆ ಮೂರಕ್ಕೂ ಸಮಾನವಾದದ್ದನ್ನ ಮೊದಲು ನೋಡಬೇಕು. ಅದು ಅರ್ತ್ ದಾರಿ, ಅಂದ್ರೆ ಕರೆಂಟ್ ಬ್ಯಾಟರಿ ನೆಗೆಟಿವ್‌ಗೆ ವಾಪಸ್ ಬರೋ ದಾರಿ. ಬ್ಯಾಟರಿ ನೆಗೆಟಿವ್‌ನಿಂದ ಬಾಡಿಗೆ ಒಂದು ಕೇಬಲ್, ಬಾಡಿಯಿಂದ ಎಂಜಿನ್ ಅಥವಾ ಗೇರ್‌ಬಾಕ್ಸಿಗೆ ಇನ್ನೊಂದು ಹೆಣೆದ ಪಟ್ಟಿ ಇರುತ್ತೆ. 14 ವರ್ಷದಲ್ಲಿ ಆ ಪಟ್ಟಿ ಒಳಗೊಳಗೇ ಹಸಿರುಗಟ್ಟಿ ಪುಡಿಯಾಗಿರುತ್ತೆ, ಮೇಲಿಂದ ನೋಡಿದ್ರೆ ಚೆನ್ನಾಗೇ ಕಾಣುತ್ತೆ. ಮೀಟರ್ ಓಮ್‌ನಲ್ಲಿಟ್ಟು ನೋಡಿದ್ರೆ ಸೊನ್ನೆ ತೋರಿಸಿ ಮೋಸ ಮಾಡುತ್ತೆ, ಯಾಕಂದ್ರೆ ಒಂದೇ ಒಂದು ಎಳೆ ಉಳಿದಿದ್ದರೂ ಮೀಟರಿನ ಚೂರು ಕರೆಂಟಿಗೆ ಅದು ಸಾಕು. ಸ್ಟಾರ್ಟರ್ ಎಳೆಯೋದು ನೂರಕ್ಕೂ ಹೆಚ್ಚು ಆಂಪಿಯರ್. ಅದಕ್ಕೇ ಲೋಡ್ ಇರುವಾಗಲೇ ವೋಲ್ಟೇಜ್ ಡ್ರಾಪ್ (ದಾರೀಲಿ ಕಳೆದುಹೋಗೋ ವೋಲ್ಟ್) ಅಳೀಬೇಕು.

ಗಾಡಿ ರಾತ್ರಿಯಿಡೀ ನಿಂತಮೇಲೆ ಬ್ಯಾಟರಿ ಅಳೆಯಿರಿ. 12.6 ವೋಲ್ಟ್ ಇದ್ರೆ ಫುಲ್, 12.2 ಅಂದ್ರೆ ಸುಮಾರು ಅರ್ಧ. ಆಮೇಲೆ ಫ್ಯುಯಲ್ ಪಂಪ್ ಫ್ಯೂಸ್ ಕಿತ್ತು, ಇನ್ನೊಬ್ಬರ ಕೈಲಿ ಐದು ಸೆಕೆಂಡ್ ಸೆಲ್ಫ್ ಹೊಡೆಸಿ. ಆಗ ಬ್ಯಾಟರಿ ಮೇಲೆ 9.6ಕ್ಕಿಂತ ಕೆಳಗಿಳಿದ್ರೆ ಬ್ಯಾಟರಿ ಮೇಲೆ ಅನುಮಾನ ಪಡಿ. ಇಳೀದಿದ್ರೆ ಮೀಟರಿನ ಒಂದು ಕಡ್ಡಿ ನೆಗೆಟಿವ್ ಸೀಸದ ಗೂಟದ ಮೇಲೇ ಇಡಿ (ಕ್ಲಾಂಪ್ ಮೇಲಲ್ಲ), ಇನ್ನೊಂದು ಎಂಜಿನ್ ಬ್ಲಾಕಿನ ಬರೀ ಲೋಹದ ಮೇಲೆ. ಸೆಲ್ಫ್ ಹೊಡೆಯುವಾಗ 0.2 ವೋಲ್ಟ್ ಒಳಗಿರಬೇಕು. ಇದೇ ರೀತಿ ಗೂಟದಿಂದ ಬಾಡಿಗೆ, ಬಾಡಿಯಿಂದ ಬ್ಲಾಕಿಗೆ ಒಂದೊಂದು ಸಲ. ಯಾವ ತುಂಡಿನಲ್ಲಿ ವೋಲ್ಟೇಜ್ ಸೋರುತ್ತೆ ಅಂತ ಅಲ್ಲಿಗೆ ಗೊತ್ತಾಗುತ್ತೆ. ಪಾಸಿಟಿವ್ ಗೂಟದಿಂದ ಸ್ಟಾರ್ಟರಿನ ದಪ್ಪ ಬೋಲ್ಟಿಗೂ ಒಮ್ಮೆ ನೋಡಿ, 0.5 ದಾಟಬಾರದು.

ಅರ್ತ್ ಪಟ್ಟಿ ಸತ್ತಿದ್ರೆ ಸ್ಟಾರ್ಟರ್ ಕರೆಂಟ್ ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್‌ಗಳ ಮೂಲಕ ದಾರಿ ಮಾಡ್ಕೊಳ್ಳುತ್ತೆ. ಎರಡು ಮೂರು ಸಲ ಸೆಲ್ಫ್ ಹೊಡೆದಮೇಲೆ ಕ್ಲಚ್ ಕೇಬಲ್ ಮುಟ್ಟಿದ್ರೆ ಬೆಚ್ಚಗಿದ್ಯಾ, ನೋಡಿ. ಕ್ಲಚ್ ಕೇಬಲ್ ಪದೇ ಪದೇ ಬಿಗಿಯಾಗಿ ಕಿತ್ತುಹೋಗೋ ಗಾಡಿಗಳಲ್ಲಿ ಎಷ್ಟೋ ಸಲ ಇದೇ ಕಾರಣ.

ಹೆಡ್‌ಲೈಟಿಗೂ ಇದೇ ಪರೀಕ್ಷೆ. ಎಂಜಿನ್ ಓಡ್ತಿರುವಾಗ, ಬಲ್ಬ್ ಉರೀತಿರುವಾಗಲೇ, ಹೋಲ್ಡರಿನ ಹಿಂದಿನಿಂದ ಅಳೆಯಿರಿ. ಹ್ಯಾಲೊಜನ್ ಬಲ್ಬಿಗೆ ವೋಲ್ಟೇಜ್ ಶೇ. 10 ಕಡಿಮೆಯಾದ್ರೆ ಬೆಳಕು ಸುಮಾರು ಶೇ. 30 ಹೋಗುತ್ತೆ, ಹಳದಿಯೂ ಆಗುತ್ತೆ. 100/90 ಬಲ್ಬ್ ಮಾತ್ರ ಖಂಡಿತ ಬೇಡ. ಸ್ವಿಚ್ಚು, ವೈರು ಎರಡೂ 60/55ಕ್ಕೆ ಮಾಡಿದ್ದು. ಹೋಲ್ಡರ್ ಕರಗುತ್ತೆ, ರಿಫ್ಲೆಕ್ಟರ್ ಪೊರೆ ಏಳುತ್ತೆ.

ಹದಿನೇಳರ ಪಾನ:

ಮಾಮ ಹೇಳಿದ್ದು ಸರಿ, ಕೂಲಿಂಗ್ ಬಗ್ಗೆ ನಾನು ಸೇರಿಸ್ತೀನಿ. ನಿಂತಾಗ ಏರಿ ಓಡಿದಾಗ ಇಳಿಯೋ ಸೂಜಿಗೂ ಥರ್ಮೋಸ್ಟಾಟಿಗೂ ಸಂಬಂಧ ಕಮ್ಮಿ. ಥರ್ಮೋಸ್ಟಾಟ್ ಮುಚ್ಚಿಕೊಂಡೇ ಅಂಟಿದ್ರೆ ಹೈವೇಲಿ ಇನ್ನೂ ಜಾಸ್ತಿ ಕಾಯಬೇಕಿತ್ತು. ನಿಮ್ಮದು ಗಾಳಿಯ ಕೊರತೆ: ಫ್ಯಾನ್ ನಿಧಾನ, ಇಲ್ಲಾ ಎಸಿ ಕಂಡೆನ್ಸರ್ (ರೇಡಿಯೇಟರ್ ಮುಂದಿರೋ ಎಸಿಯ ಜಾಲರಿ) ಮತ್ತು ರೇಡಿಯೇಟರ್ ನಡುವೆ ಕಸ. ಆ ಸಂದು ಮುಂದಿನಿಂದ ಕಾಣಲ್ಲ. ಮೇಲಿನ ಬ್ರಾಕೆಟ್ ಬಿಚ್ಚಿ ರೇಡಿಯೇಟರನ್ನ ಎರಡು ಬೆರಳಷ್ಟು ಹಿಂದಕ್ಕೆ ವಾಲಿಸಿ ಟಾರ್ಚ್ ಬಿಡಿ. ಹುಳ, ಒಣಗಿದ ಎಲೆ, ದೂಳು ಸೇರಿ ಕಂಬಳಿ ಥರ ಕೂತಿರುತ್ತೆ. ಎಂಜಿನ್ ಕಡೆಯಿಂದ ಹೊರಕ್ಕೆ, ಮನೆ ಪೈಪಿನ ನೀರಲ್ಲೇ ತೊಳೆಯಿರಿ. ಪ್ರೆಶರ್ ವಾಷರ್ ಹಿಡಿದ್ರೆ ಅಲ್ಯೂಮಿನಿಯಂ ರೆಕ್ಕೆಗಳು ಮಡಚಿ ದಾರಿ ಪೂರ್ತಿ ಮುಚ್ಚುತ್ತೆ. ಫ್ಯಾನ್ ಕನೆಕ್ಟರ್ ಕಿತ್ತು ಕೆಲಸ ಮಾಡಿ, ಕೆಲವು ಗಾಡಿಗಳಲ್ಲಿ ಕೀ ಆಫ್ ಇದ್ರೂ ಫ್ಯಾನ್ ತಿರುಗುತ್ತೆ.

ಥರ್ಮೋಸ್ಟಾಟ್ ತೆಗೆಯೋ ಮಾತು ಬಿಟ್ಟುಬಿಡಿ. ತೆಗೆದ್ರೆ ಎಂಜಿನ್ ಬಿಸಿಯಾಗೋದೇ ಇಲ್ಲ, ಇಸಿಯು (ಎಂಜಿನ್ ಕಂಪ್ಯೂಟರ್) ಇನ್ನೂ ತಣ್ಣಗಿದೆ ಅಂತ ಪೆಟ್ರೋಲ್ ಜಾಸ್ತಿ ಸುರೀತಾನೇ ಇರುತ್ತೆ. ಮೈಲೇಜ್ ಬೀಳುತ್ತೆ, ಪ್ಲಗ್ ಕಪ್ಪಾಗುತ್ತೆ, ಆಯಿಲ್‌ಗೆ ಪೆಟ್ರೋಲ್ ಬೆರೆಯುತ್ತೆ. ಅನುಮಾನವಿದ್ರೆ ಬಿಚ್ಚಿ, ನೀರಿನ ಪಾತ್ರೇಲಿ ದಾರಕ್ಕೆ ನೇತುಹಾಕಿ, ಥರ್ಮಾಮೀಟರ್ ಇಟ್ಟು ಕಾಯಿಸಿ. ಮೇಲೆ 82 ಅಂತ ಅಚ್ಚಾಗಿದ್ರೆ ಅದರ ಆಸುಪಾಸಲ್ಲಿ ಬಾಯಿ ಬಿಡಬೇಕು, 95ರ ಹೊತ್ತಿಗೆ ಪೂರ್ತಿ ತೆರೀಬೇಕು. ವಾಪಸ್ ಹಾಕುವಾಗ ಜಿಗಲ್ ಪಿನ್ (ಅಂಚಿನ ತೂತಲ್ಲಿ ಅಲ್ಲಾಡೋ ಸಣ್ಣ ಪಿನ್) ಇದ್ರೆ ಅದು ಮೇಲ್ಗಡೆ ಬರಲಿ, ಗಾಳಿ ಹೊರಹೋಗೋಕೆ.

ರೇಡಿಯೇಟರ್ ಮುಚ್ಚಳವನ್ನ ಯಾರೂ ಲೆಕ್ಕಕ್ಕೆ ಇಡಲ್ಲ. 0.9 ಅಥವಾ 1.1 ಬಾರ್ ಒತ್ತಡ ಹಿಡಿದಿಟ್ಟರೇನೇ ಕೂಲೆಂಟ್ ಕುದಿಯೋ ಬಿಂದು ಮೇಲಿರುತ್ತೆ. ರಬ್ಬರ್ ಗಟ್ಟಿಯಾಗಿ ಉಂಗುರದ ಗುರುತು ಬಿದ್ದಿದ್ರೆ ಅದೇ ರೇಟಿಂಗಿನ ಹೊಸದು ಹಾಕಿ. ಹೋಸ್ ಗಳನ್ನ ಎಂಜಿನ್ ತಣ್ಣಗಿರುವಾಗ ಹಿಸುಕಿ ನೋಡಿ. ಕರಕರ ಅಂದ್ರೆ ಅಥವಾ ಕ್ಲಿಪ್ ಪಕ್ಕದಲ್ಲಿ ಮೆತ್ತಗೆ ಉಬ್ಬಿದ್ರೆ ಅದರ ಆಯುಸ್ಸು ಮುಗೀತು. ಕೂಲೆಂಟ್ ಬದಲಿಸುವಾಗ ಹಸಿರು, ಕೆಂಪು ಅಂತ ಬಣ್ಣ ನೋಡಿ ಬೆರೆಸಬೇಡಿ, ಬಣ್ಣಕ್ಕೆ ಅರ್ಥವಿಲ್ಲ. ಮ್ಯಾನ್ಯುಯಲ್‌ನಲ್ಲಿ ಹೇಳಿರೋ ಬಗೆಯದ್ದು, ಡಿಸ್ಟಿಲ್ಡ್ ವಾಟರ್ ಜೊತೆ ಅರ್ಧಕ್ಕರ್ಧ. ತುಂಬುವಾಗ ಹೀಟರ್ ನಾಬ್ ಪೂರ್ತಿ ಬಿಸಿ ಕಡೆ ತಿರುಗಿಸಿ, ಮುಚ್ಚಳ ತೆಗೆದೇ ಐಡಲ್‌ನಲ್ಲಿ ಬಿಡಿ. ಫ್ಯಾನ್ ಎರಡು ಸಲ ಬಂದು ನಿಂತು, ಗುಳ್ಳೆ ಬರೋದು ನಿಂತಮೇಲೆ ಮುಚ್ಚಿ. ಗುಳ್ಳೆ ನಿಲ್ಲೋದೇ ಇಲ್ಲ, ತಣ್ಣನೆ ಸ್ಟಾರ್ಟ್ ಆದ ಒಂದೆರಡು ನಿಮಿಷಕ್ಕೇ ಮೇಲಿನ ಹೋಸ್ ಕಲ್ಲಿನಂಗಾಗುತ್ತೆ ಅಂದ್ರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲ್) ಪರೀಕ್ಷೆ ಮಾಡಿಸಿ.

ಟೈಮಿಂಗ್ ಬೆಲ್ಟ್ (ಕ್ರ್ಯಾಂಕಿಗೂ ವಾಲ್ವುಗಳಿಗೂ ತಾಳ ಕೂಡಿಸೋದು) ಇರೋ ಎಂಜಿನ್ನಾ, ಚೈನಾ? ಬೆಲ್ಟ್ ಆಗಿದ್ದು ಕೊನೆಗೆ ಬದಲಿಸಿದ್ದು ಯಾವಾಗ ಅಂತ ದಾಖಲೆ ಇಲ್ಲದಿದ್ರೆ, ಬೇರೆಲ್ಲಕ್ಕಿಂತ ಮೊದಲು ಅದು. ಟೆನ್ಷನರ್, ವಾಟರ್ ಪಂಪ್ ಜೊತೆಗೇ.

ಗ್ರೀಸ್ ಕೈ:

ಸಣ್ಣ ಗುಂಡೀಲಿ ಕಟ ಕಟ, ದೊಡ್ಡ ಹಂಪಲ್ಲಿ ಸದ್ದಿಲ್ಲ. ಶಾಕ್ ಅಬ್ಸಾರ್ಬರ್ ಅಲ್ಲ ಗುರು, ಸ್ಟೆಬಿಲೈಸರ್ ಲಿಂಕ್ ರಾಡ್, ಅಂದ್ರೆ ಎರಡೂ ಕಡೆಯ ಸಸ್ಪೆನ್ಷನ್ ಜೋಡಿಸೋ ಬಾರಿನ ತುದಿಯ ಸಣ್ಣ ಕಡ್ಡಿ. ಹಂಪ್ ಹತ್ತುವಾಗ ಎರಡೂ ಚಕ್ರ ಒಟ್ಟಿಗೆ ಏಳುತ್ವೆ, ಲಿಂಕಿಗೆ ಕೆಲಸಾನೇ ಇಲ್ಲ. ಒಂದೊಂದೇ ಚಕ್ರ ಗುಂಡಿಗೆ ಬಿದ್ದಾಗ ಬಾರ್ ತಿರುಚುತ್ತೆ, ಆಗ ಸವೆದ ಬಾಲ್ ಕಟ ಅನ್ನುತ್ತೆ. ನಾಲ್ಕೂ ಚಕ್ರ ನೆಲದ ಮೇಲಿರುವಾಗ ಲಿಂಕ್ ಹಿಡಿದು ಜೋರಾಗಿ ಅಲ್ಲಾಡಿಸಿ, ಇನ್ನೊಂದು ಕೈ ಬಾಲ್ ಜಾಯಿಂಟ್ ಮೇಲಿರಲಿ. ಆಟ ಬೆರಳಿಗೇ ಸಿಗುತ್ತೆ. ಒಂದು ಕಡೆ ಮಾತ್ರ ಎತ್ತಿದ್ರೆ ಬಾರ್ ಬಿಗಿದುಕೊಂಡು ಆಟ ಅಡಗಿಹೋಗುತ್ತೆ. ಬಿಚ್ಚುವಾಗ ಮಾತ್ರ ಎರಡೂ ಕಡೆ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ, ಬರೀ ಜಾಕ್ ನಂಬಿ ತಲೆ ಒಳಗೆ ಹಾಕ್ಬೇಡಿ. ನಟ್ಟು ಜೊತೆ ಬಾಲ್ ಸ್ಟಡ್ಡೂ ತಿರುಗುತ್ತೆ. ಸ್ಟಡ್ ತುದೀಲಿ ಅಲೆನ್ ಕೀ ತೂತು ಇರುತ್ತೆ, ಅದನ್ನ ಹಿಡಿದು ರಿಂಗ್ ಪಾನದಲ್ಲಿ ನಟ್ಟು ತಿರುಗಿಸಿ. ಹಿಂದಿನ ರಾತ್ರೀನೇ ಎಣ್ಣೆ ಸ್ಪ್ರೇ ಮಾಡಿಟ್ಟರೆ ಅರ್ಧ ಕೆಲಸ ಹಗುರ. ಜೋಡೀಲೇ ಬದಲಿಸಿ.

ಹಾಗೇ ಲೋವರ್ ಆರ್ಮ್ ಬುಷ್ (ಚಕ್ರ ಹಿಡಿದಿಡೋ ಕೆಳಗಿನ ತೋಳಿನ ರಬ್ಬರ್) ನೋಡಿ. ಪ್ರೈ ಬಾರ್ ಇಟ್ಟು ಎತ್ತಿದಾಗ ರಬ್ಬರ್ ಸೀಳು ಬಾಯಿ ಬಿಟ್ರೆ ಬದಲಿಸಬೇಕು. ಈ ಒಂದು ವಿಷಯ ಬಹಳ ಜನ ಕೆಡಿಸ್ತಾರೆ: ಆರ್ಮ್ ಬೋಲ್ಟುಗಳನ್ನ ಚಕ್ರ ಗಾಳೀಲಿ ನೇತಾಡುವಾಗ ಫೈನಲ್ ಟೈಟ್ ಮಾಡಬಾರದು. ಹಾಗೆ ಮಾಡಿದ್ರೆ ಬುಷ್ ಆ ಕೋನದಲ್ಲೇ ಕಚ್ಚಿಕೊಳ್ಳುತ್ತೆ, ಗಾಡಿ ಕೆಳಗಿಳಿಸಿದ ಕೂಡಲೇ ಸದಾ ತಿರುಚಿದ ಸ್ಥಿತೀಲೇ ಇದ್ದು ಬೇಗ ಹರಿಯುತ್ತೆ. ಕೈಲಿ ಕೂರಿಸಿ, ಗಾಡಿ ತೂಕ ಚಕ್ರದ ಮೇಲೆ ಬಂದಮೇಲೆ ಟಾರ್ಕ್ ಕೊಡಿ. ಸ್ಟ್ರಟ್ (ಸ್ಪ್ರಿಂಗ್ ಸುತ್ತಿದ ಮುಂದಿನ ಶಾಕ್ ಅಬ್ಸಾರ್ಬರ್) ಸ್ಪ್ರಿಂಗ್ ಬಿಚ್ಚೋದು ಮಾತ್ರ ಮನೇಲಿ ಬೇಡ. ಒತ್ತಿಹಿಡಿದ ಸ್ಪ್ರಿಂಗ್ ಜಾರಿದ್ರೆ ಪ್ರಾಣಕ್ಕೇ ಸಂಚಕಾರ.

ಚಕ್ರ ಬಿಚ್ಚಿದಾಗಲೇ ಬ್ರೇಕ್ ಕಾಲಿಪರ್ (ಪ್ಯಾಡ್ ಒತ್ತೋ ಹಿಡಿಕೆ) ಜಾರೋ ಸ್ಲೈಡ್ ಪಿನ್ ಎಳೆದು ನೋಡಿ. ಒಣಗಿ ಕಚ್ಚಿದ್ರೆ ಒಳಗಿನ ಪ್ಯಾಡ್ ಮಾತ್ರ ಸವೆಯುತ್ತೆ, ಹೊರಗಿಂದ ನೋಡಿದವರಿಗೆ ಪ್ಯಾಡ್ ಇನ್ನೂ ದಪ್ಪ ಅನ್ಸುತ್ತೆ. ಪಿನ್ನಿಗೆ ಸಿಲಿಕೋನ್ ಬ್ರೇಕ್ ಗ್ರೀಸೇ ಹಾಕಿ, ಮಾಮೂಲಿ ಗ್ರೀಸಿಗೆ ರಬ್ಬರ್ ಊದಿಕೊಳ್ಳುತ್ತೆ. ಬ್ರೇಕ್ ಫ್ಲೂಯಿಡ್ ಬದಲಿಸಿ ಎರಡು ವರ್ಷ ದಾಟಿದ್ರೆ ಬದಲಿಸಿ. ಡಾಟ್ 4 ದರ್ಜೆಯ ಫ್ಲೂಯಿಡ್ ಹೊಸದಾಗಿ 230 ಡಿಗ್ರಿವರೆಗೆ ಕುದಿಯದಿದ್ರೂ, ತೇವ ಎಳ್ಕೊಂಡಮೇಲೆ ಆ ಮಿತಿ 155ರ ಹತ್ರಕ್ಕೆ ಇಳಿಯುತ್ತೆ.

ಗೇರ್ ಆಯಿಲ್ ಬದಲಿಸೋ ಮನಸ್ಸಿದ್ರೆ ಮೊದಲು ತುಂಬೋ ಪ್ಲಗ್ ಬಿಚ್ಚಿ, ಅದು ಬಂದಮೇಲೆ ಕೆಳಗಿನ ಡ್ರೇನ್. ಉಲ್ಟಾ ಮಾಡಿ ಮೇಲಿನದು ಜಾಮ್ ಆಗಿದ್ರೆ ಗಾಡಿ ಅಲ್ಲೇ ಕೂರುತ್ತೆ. ಮ್ಯಾನ್ಯುಯಲ್‌ನಲ್ಲಿ ಜಿಎಲ್-4 (ಗೇರ್ ಆಯಿಲ್ ದರ್ಜೆ) ಅಂತ ಬರೆದಿದ್ರೆ ಜಿಎಲ್-5 ಸುರಿಯಬೇಡಿ, ಗೇರ್ ಬೀಳುವಾಗ ವೇಗ ಹೊಂದಿಸೋ ಹಿತ್ತಾಳೆ ಸಿಂಕ್ರೊ ರಿಂಗಿಗೆ ಆಗಿಬರಲ್ಲ.

ಕೆಂಪು ಹ್ಯಾಚ್:

ಎಲ್ಲರಿಗೂ ಥ್ಯಾಂಕ್ಸ್. ಚೈನ್ ಎಂಜಿನ್. ಅಳೆದದ್ದು ಇಲ್ಲಿದೆ.

ರಾತ್ರಿ ನಿಂತಮೇಲೆ ಬ್ಯಾಟರಿ 12.5. ಸೆಲ್ಫ್ ಹೊಡೆಯುವಾಗ 10.4. ನೆಗೆಟಿವ್ ಗೂಟದಿಂದ ಬಾಡಿಗೆ 0.05, ಬಾಡಿಯಿಂದ ಬ್ಲಾಕಿಗೆ 0.9. ಪಟ್ಟಿ ಬದಲಿಸಿದ ಮೇಲೆ ಅದು 0.1, ಸೆಲ್ಫ್ ಚುರುಕಾಗಿದೆ. ಆದ್ರೆ ಹೆಡ್‌ಲೈಟ್ ಹಾಗೇ ಇದೆ: ಬ್ಯಾಟರೀಲಿ 14.1, ಬಲ್ಬ್ ಹತ್ರ 11.3 ಇದ್ದದ್ದು ಈಗ 11.5. ಕಂಡೆನ್ಸರ್ ಸಂದು ತೊಳೆದೆ, ಕಸ ಇತ್ತು, ಸೂಜಿ ಸ್ವಲ್ಪ ಸುಧಾರಿಸಿದೆ, ಆದರೂ ಏರುತ್ತೆ. ಫ್ಯಾನ್ ಕನೆಕ್ಟರ್‌ನಲ್ಲಿ 11.2 ತೋರಿಸ್ತಿದೆ, ಒಂದು ಪಿನ್ ಸುತ್ತ ಪ್ಲಾಸ್ಟಿಕ್ ಕಂದಾಗಿದೆ. ಲಿಂಕ್ ರಾಡ್ ಆಟ ಬೆರಳಿಗೇ ಸಿಕ್ಕಿತು, ಜೋಡಿ ತರಿಸಿದ್ದೀನಿ. ಎಲ್‌ಇಡಿ ಹಾಕಿದ್ರೆ ಕರೆಂಟ್ ಕಡಿಮೆ, ವೈರಿಂಗ್ ಗೊಡವೆ ಇರಲ್ಲ ಅಲ್ವಾ?

ವೈರಿಂಗ್ ಮಾಮ:

ಫ್ಯಾನ್ ಸುಮಾರು 10 ಆಂಪಿಯರ್ ಎಳೀತಿದೆ ಅಂದ್ಕೊಳ್ಳಿ. 14.1ರಿಂದ 11.2 ಅಂದ್ರೆ 2.9 ವೋಲ್ಟ್ ದಾರೀಲಿ ಕಳೀತಿದೆ, 29 ವ್ಯಾಟ್ ಬಿಸಿ. ಅದರಲ್ಲಿ ಹೆಚ್ಚಿನದು ಆ ಕಂದಾದ ಪಿನ್ನಲ್ಲೇ. ಕ್ಲೀನರ್ ಸ್ಪ್ರೇ ಹೊಡೆದು ವಾಪಸ್ ಚುಚ್ಚಬೇಡಿ. ಒಮ್ಮೆ ಬೆಂದ ಟರ್ಮಿನಲ್ ಸ್ಪ್ರಿಂಗ್ ಬಿಗಿತ ಕಳ್ಕೊಂಡಿರುತ್ತೆ, ವಾರದಲ್ಲಿ ಮತ್ತೆ ಅದೇ ಕಥೆ. ಎರಡೂ ಕಡೆಯ ಟರ್ಮಿನಲ್ ಬದಲಿಸಿ, ವೈರ್ ಕಪ್ಪಾಗಿದ್ದಷ್ಟು ಉದ್ದ ಕತ್ತರಿಸಿ ಹೊಳೆಯೋ ತಾಮ್ರ ಸಿಕ್ಕಮೇಲೆ ಕ್ರಿಂಪ್ ಮಾಡಿ. ಆಮೇಲೆ ಫ್ಯಾನ್ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್ ಮಾಡೋ ಸ್ವಿಚ್) ಕಿತ್ತು ಕಾಲುಗಳ ಬಣ್ಣ ನೋಡಿ. ಕನೆಕ್ಟರ್ ಯಾಕೆ ಬೆಂತು ಅನ್ನೋದೂ ಮುಖ್ಯ: ಪಂಖ ಕೈಲಿ ತಿರುಗಿಸಿದಾಗ ಭಾರ ಅನ್ನಿಸಿದ್ರೆ ಬೇರಿಂಗ್ ಹಿಡಿದಿದೆ, ಮೋಟರೇ ಜಾಸ್ತಿ ಕರೆಂಟ್ ಎಳೀತಿರುತ್ತೆ. ಹಾಗಿದ್ರೆ ಹೊಸ ಪಿನ್ನೂ ಸುಡುತ್ತೆ, ಮೋಟರ್ ಬದಲಿಸದೆ ದಾರಿಯಿಲ್ಲ.

ಹೆಡ್‌ಲೈಟಲ್ಲಿ ಕಳೆದುಹೋಗ್ತಿರೋ 2.6 ವೋಲ್ಟ್ ಕಾಂಬಿನೇಷನ್ ಸ್ವಿಚ್ (ಸ್ಟೀರಿಂಗ್ ಪಕ್ಕದ ಲೈಟ್ ಸ್ವಿಚ್) ಮತ್ತು ಸಣ್ಣ ವೈರಿನದ್ದು. ರಿಲೇ ಹಾಕಿ. ಬ್ಯಾಟರಿ ಪಾಸಿಟಿವ್‌ನಿಂದ 20 ಆಂಪಿಯರ್ ಫ್ಯೂಸ್, ಅದು ಬ್ಯಾಟರಿಗೆ ಒಂದು ಗೇಣಿನೊಳಗೇ ಇರಲಿ. ಅಲ್ಲಿಂದ 2.5 ಚದರ ಮಿ.ಮೀ. ತಾಮ್ರದ ವೈರ್, ಹೈಗೊಂದು ಲೋಗೊಂದು 30 ಆಂಪಿಯರ್ ರಿಲೇ. ಹಳೇ ಹೋಲ್ಡರಿನ ವೈರ್ ರಿಲೇ ಕಾಯಿಲ್ ಎಳೆಯೋಕೆ ಮಾತ್ರ. ಅರ್ತ್ ಕೂಡ ಹೊಸದಾಗಿ ಬಾಡಿಗೆ ಕೊಡಿ, ಪೇಂಟ್ ಕೆರೆದು. ಆದ್ರೆ ಮೊದಲು ಒಂದು ಖಾತ್ರಿ ಮಾಡ್ಕೊಳ್ಳಿ: ಕೆಲವು ಗಾಡೀಲಿ ಹೆಡ್‌ಲೈಟ್ ಸ್ವಿಚ್ ನೆಗೆಟಿವ್ ಕಡೆ ಇರುತ್ತೆ. ಲೈಟ್ ಆಫ್ ಇದ್ದಾಗಲೂ ಬಲ್ಬಿನ ಎಲ್ಲ ಪಿನ್ನುಗಳಲ್ಲೂ 12 ವೋಲ್ಟ್ ಬಂದ್ರೆ ಆ ಬಗೆಯದ್ದು, ಮಾಮೂಲಿ ರಿಲೇ ಕಿಟ್ ಅದಕ್ಕೆ ಹಾಗೇ ಕೂರಲ್ಲ.

ಎಲ್‌ಇಡಿ ಬಗ್ಗೆ: ರಿಫ್ಲೆಕ್ಟರ್ ಮಾಡಿರೋದು ಹ್ಯಾಲೊಜನ್ ತಂತಿ ಕೂರೋ ಜಾಗಕ್ಕೆ. ಎಲ್‌ಇಡಿ ಚಿಪ್ಪಿನ ಆಕಾರ, ಜಾಗ ಎರಡೂ ಬೇರೆ. ಎದುರಿನವರ ಕಣ್ಣಿಗೆ ಹೊಡೆಯುತ್ತೆ, ನಿಮಗೆ ಬಂಪರ್ ಮುಂದೆ ಬೆಳ್ಳಗೆ ಕಂಡು ದೂರ ಕತ್ತಲೆ. 60/55 ಬಲ್ಬಿಗೆ 13.5 ವೋಲ್ಟ್ ತಲುಪಿಸಿ ನೋಡಿ, ಆಮೇಲೆ ಮಾತಾಡೋಣ.

ಗ್ರೀಸ್ ಕೈ:

ಓಪನ್ ಫಿಲ್ಟರ್ ಬೇಡ ಗುರು. ಕಂಪನಿ ಏರ್ ಬಾಕ್ಸ್ ಹೊರಗಿನ ತಣ್ಣನೆ ಗಾಳಿ ಎಳೆಯುತ್ತೆ, ಓಪನ್ ಹಾಕಿದ್ರೆ ಬಾನೆಟ್ ಒಳಗಿನ ಬಿಸಿ ಗಾಳಿ. ಸದ್ದು ಮಾತ್ರ ಜಾಸ್ತಿ. ಟೈರ್ ಬದಲಿಸೋದಾದ್ರೆ ಒಟ್ಟು ವ್ಯಾಸ ಶೇ. 3ರೊಳಗೆ ವ್ಯತ್ಯಾಸ ಇರ್ಲಿ. 165/80 ಆರ್14ರಿಂದ 185/65 ಆರ್15ಕ್ಕೆ ಹೋದ್ರೆ ವ್ಯಾಸ 620, 621 ಮಿ.ಮೀ. ಆಸುಪಾಸಲ್ಲೇ ಉಳಿಯುತ್ತೆ, ಸ್ಪೀಡೊ ಕೆಡಲ್ಲ. ಲೋಡ್ ಇಂಡೆಕ್ಸ್ (ಟೈರ್ ಹೊರೋ ತೂಕದ ಅಂಕಿ) ಹಳೇದಕ್ಕಿಂತ ಕಡಿಮೆ ಆಗ್ಬಾರ್ದು. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಸ್ಟ್ರಟ್ಟಿಗೂ ಟೈರಿಗೂ ಮಧ್ಯೆ ಬೆರಳು ಹೋಗುತ್ತಾ ನೋಡ್ಕೊಳ್ಳಿ.

ಅದಕ್ಕೂ ಮೊದಲು ಈಗಿನ ಟೈರ್ ಪಕ್ಕದ ನಾಲ್ಕಂಕಿ ಓದಿ. ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಲೋವರ್ ಆರ್ಮ್ ಬಿಚ್ಚೋದಿದ್ರೆ ಅದು ಮುಗಿಸಿ, ಟೈರ್ ಹಾಕಿಸಿ, ಅಲೈನ್‌ಮೆಂಟ್ ಕೊನೆಗೆ ಒಂದೇ ಸಲ ಮಾಡಿಸಿ.