ರಾಖಿ ಕಟ್ಟಿಸಿದ್ರೆ ಸರಿ ಹೋಗುತ್ತಾ? 3ನೇ ಕ್ಲಾಸ್ ಮಗ, ಅವನ ಬೆಸ್ಟ್ ಫ್ರೆಂಡ್ ಹುಡುಗಿ

ಡೊಂಬಿವ್ಲಿ ಅಮ್ಮ:
ನನ್ನ ಮಗನಿಗೂ ನಮ್ಮ ಬಿಲ್ಡಿಂಗಿನ ಒಬ್ಬ ಮರಾಠಿ ಹುಡುಗಿಗೂ ಸೀನಿಯರ್ ಕೇಜಿಯಿಂದ ದೋಸ್ತಿ, ಒಂದೇ ಸ್ಕೂಲ್ ವ್ಯಾನು, ಇವನ ಡಬ್ಬಿಯ ನೀರುದೋಸೆ ಅವಳಿಗೆ, ಅವಳ ಥಾಲಿಪೀಠ ಇವನಿಗೆ. ಜೂನ್‌ನಲ್ಲಿ ಸ್ಕೂಲ್ ಶುರುವಾದಾಗಿಂದ ಕ್ಲಾಸಲ್ಲಿ ಹುಡುಗ್ರು "ನವರಾ-ಬಾಯ್ಕೋ" (ಮರಾಠೀಲಿ ಗಂಡ-ಹೆಂಡ್ತಿ) ಅಂತ ಚಿಡಾಯಿಸ್ತಾರಂತೆ, ಈಗ ಇವನು ವ್ಯಾನಲ್ಲಿ ಅವಳ ಪಕ್ಕ ಕೂರೋದೇ ಇಲ್ಲ, ಆದ್ರೆ ಸಂಜೆ ಕೆಳಗೆ ಇಬ್ರೂ ಏನೂ ಆಗೇ ಇಲ್ಲ ಅನ್ನೋ ಹಾಗೆ ಲಗೋರಿ ಆಡ್ತಾರೆ. ಟೀಚರ್‌ಗೆ ಹೇಳಿದ್ದಕ್ಕೆ "ರಕ್ಷಾಬಂಧನ ಬರ್ತಿದೆ, ಅವಳ ಕೈಲಿ ರಾಖಿ ಕಟ್ಟಿಸಿಬಿಡಿ, ಆಮೇಲೆ ಯಾರೂ ಚಿಡಾಯಿಸಲ್ಲ" ಅಂದ್ರು. ಒಳ್ಳೇ ಮನಸ್ಸಿಂದಲೇ ಹೇಳಿದ್ದು, ನಂಗ್ಯಾಕೋ ಒಪ್ಪಿಗೆ ಆಗ್ತಿಲ್ಲ. ನಿನ್ನೆ ರಾತ್ರಿ ಮಲಗೋವಾಗ ಮಗ ಕೇಳ್ದ, "ಅಮ್ಮ, ರಾಖಿ ಕಟ್ಟಿದ್ಮೇಲೆ ಅವಳು ಫ್ರೆಂಡ್ ಅಲ್ವಾ?" ಏನು ಹೇಳ್ಲಿ?

ಮಾಟುಂಗಾ ಆಂಟಿ:
ಕಟ್ಟಿಸಮ್ಮ, ತಪ್ಪೇನು. ನಾನೂ ಪಕ್ಕದ ಮನೆ ಹುಡುಗನಿಗೆ ಕಟ್ಟಿದ್ದೆ, ಈಗಲೂ ನಮ್ಮನೆ ಮದುವೆ ಮುಂಜಿಗೆ ಅವನೇ ಮುಂದೆ ನಿಂತು ಓಡಾಡೋದು. ಹಾಂ, ನಾನು ಇಷ್ಟಪಟ್ಟು ಕಟ್ಟಿದ್ದು, ಯಾರೂ ಹೇಳಿರ್ಲಿಲ್ಲ.

ಮುಲುಂಡ್ ಟೀಚರ್:
ಈ ವಯಸ್ಸಲ್ಲಿ ಇದು ಎಲ್ಲ ಕಡೆ ಇದ್ದಿದ್ದೇ ಅಕ್ಕ, ನಿಮ್ಮ ಮಗನ ತಪ್ಪಿಲ್ಲ. ಅಮೆರಿಕಾದ ಮ್ಯಾಕೋಬಿ, ಜ್ಯಾಕ್ಲಿನ್ ಅನ್ನೋ ಮನಶ್ಶಾಸ್ತ್ರಜ್ಞರು ಮಕ್ಕಳನ್ನ ಗಮನಿಸಿ 1987ರಲ್ಲಿ ಬರೆದಿದಾರೆ, ನಾಲ್ಕೂವರೆ ವರ್ಷಕ್ಕೆ ಹುಡುಗ್ರು ಹುಡುಗ್ರ ಜೊತೆ, ಹುಡುಗೀರು ಹುಡುಗೀರ ಜೊತೆ ಆಡೋ ಹೊತ್ತು, ಹುಡುಗ-ಹುಡುಗಿ ಕೂಡಿ ಆಡೋದರ ಸುಮಾರು 3 ಪಟ್ಟು, ಆರೂವರೆಗೆ 11 ಪಟ್ಟು. ಅದರ ಮೇಲೆ ನಾವೂ ತುಪ್ಪ ಸುರೀತೀವಿ. "ಗಲಾಟೆ ಮಾಡಿದ್ರೆ ಹುಡುಗಿ ಪಕ್ಕ ಕೂರಿಸ್ತೀನಿ" ಅಂತ ನಾನೇ ಎಷ್ಟೋ ವರ್ಷ ಹೆದರಿಸಿದೀನಿ, ಅದು ಶಿಕ್ಷೆ ಅಂತ ಮಕ್ಕಳಿಗೆ ಕಲಿಸಿದ್ದೇ ನಾನು, ನೆನೆಸಿಕೊಂಡ್ರೆ ಬೇಜಾರಾಗುತ್ತೆ. ಈಗ ಸೋಮವಾರ ಸೋಮವಾರ ಚೀಟಿ ಎತ್ತಿಸಿ ಬೆಂಚ್ ಬದಲಾಯಿಸ್ತೀನಿ, ಯಾರ ಪಕ್ಕ ಯಾರು ಬಂದ್ರೂ ಅದು ಚೀಟಿದು, ಚಿಡಾಯಿಸೋದು ತುಂಬಾ ಕಡಿಮೆ ಆಗಿದೆ. ನಿಮ್ಮ ಟೀಚರ್‌ಗೆ ಇದನ್ನ ಹೇಳಿ ನೋಡಿ.

ಕೋಥ್ರೂಡ್ ಅಪ್ಪ:
ಕೆಳಗ ಲಗೋರಿ ಆಡ್ತಾನ ಅಂದ್ರಲ್ರೀ, ಅದನ್ನ ಗಟ್ಟಿ ಹಿಡೀರಿ. ಕೆಳಗ ಸಣ್ಣವ್ರು ದೊಡ್ಡವ್ರು ಎಲ್ಲಾ ಕೂಡಿರ್ತಾರ, ಆಟಕ್ಕ ಮಂದಿ ಕಡಿಮಿ ಬೀಳ್ತಾರ, ಹುಡುಗಿ ಬಂದ್ರೂ ಬೇಕು ಹುಡುಗ ಬಂದ್ರೂ ಬೇಕು. ಶಾಲ್ಯಾಗ ಒಂದೇ ವಯಸ್ಸಿನ ಅಷ್ಟು ಹುಡುಗ್ರು ಕುಂತು ನೋಡ್ತಿರ್ತಾರ, ಅವರ ಅಂಜಿಕಿ. ನನ್ನ ಮಗಳಿಗೂ ಹಿಂಗಾಗಿತ್ತು. ನಾವು ಮನ್ಯಾಗ "ನಿನ್ನ ಬಾಯ್‌ಫ್ರೆಂಡ್ ಬಂದ ನೋಡು" ಅಂತ ನಗೋದು ಮೊದಲ ಬಿಟ್ವಿ, ನಮ್ಮ ಅವ್ವಗೂ ಕೈ ಮುಗದು ಹೇಳಿದೆ. ಹೆಂಡ್ತಿನೂ ಅಲ್ಲ, ತಂಗಿನೂ ಅಲ್ಲ, ಗೆಳತಿ. ಆ ಶಬ್ದ ಹುಡುಗ್ರ ಬಾಯಾಗ ಇರ್ಲಿ ಬಿಡ್ರಿ.

ಡೊಂಬಿವ್ಲಿ ಅಮ್ಮ:
ಎಲ್ರಿಗೂ ಥ್ಯಾಂಕ್ಸ್. ರಾಖಿ ಬೇಡ, ಚೀಟಿ ಐಡಿಯಾ ಹೇಳ್ತೀನಿ ಟೀಚರ್‌ಗೆ. ಮಗನಿಗೆ "ಅವಳು ಫ್ರೆಂಡೇ ಕಣೋ" ಅಂದೆ, ಸುಮ್ನೆ ತಲೆ ಆಡಿಸ್ದ. ಶನಿವಾರ ಅವಳನ್ನೂ, ಚಿಡಾಯಿಸೋ ಇಬ್ರು ಹುಡುಗ್ರನ್ನೂ ನೀರುದೋಸೆಗೆ ಕರೆದಿದೀನಿ.