ಮಾವ ಕಳಿಸಿದ ಡ್ರೈವರ್

ಮಾವ (ಹಲವು ಬಾರಿ ಫಾರ್ವರ್ಡ್ ಆದ ಸಂದೇಶ): ಎಲ್ಲಾ ಬೋರ್ಡ್‌ಗೂ ಒಂದೇ ಡ್ರೈವರ್!! ನಿಮ್ಮ ಕಂಪ್ಯೂಟರ್‌ಗೆ ಬೋರ್ಡ್ ಕಾಣಿಸುತ್ತಿಲ್ಲವೇ? ಮೊದಲು ಆಂಟಿವೈರಸ್ ಆಫ್ ಮಾಡಿ. ನಂತರ ಡ್ರೈವರ್ ಸಹಿ ತಪಾಸಣೆ ಆಫ್ ಮಾಡಿ. ಕೆಳಗಿನ ಜಿಪ್ ಬಿಚ್ಚಿ ಇನ್‌ಸ್ಟಾಲ್ ಮಾಡಿ. ನೂರಕ್ಕೆ ನೂರು ಗ್ಯಾರಂಟಿ! ಮಿತ್ರರಿಗೂ ತಲುಪಿಸಿ.

ಮಾವ: ಪುಟ್ಟಾ, ಬೆಳಗ್ಗೆಯಿಂದ ಆ ಎಲೆಕ್ಟ್ರಾನಿಕ್ಸ್ ಬೋರ್ಡ್ ಜೊತೆ ಒದ್ದಾಡ್ತಿದ್ದೀಯಲ್ಲ. ಇದನ್ನ ಹಾಕು.

ತಮ್ಮ: ಥ್ಯಾಂಕ್ಸ್ ಮಾವ, ಡೌನ್‌ಲೋಡ್ ಆಗ್ತಾ ಇದೆ

ಅಕ್ಕ: ನಿಲ್ಸು

ಅಕ್ಕ: ಅದನ್ನ ಮುಟ್ಟಬೇಡ ಕಣೋ

ಮಾವ: ಯಾಕಮ್ಮಾ, ನಾನೇ ಹಾಕಿ ನೋಡಿದೀನಿ. ಏನೂ ಆಗಿಲ್ಲ.

ಅಕ್ಕ: ಮಾವ, ಬೇಜಾರು ಮಾಡ್ಕೋಬೇಡಿ. ಡ್ರೈವರ್ ಅಂದ್ರೆ ಆಟದ ಆ್ಯಪ್ ಅಲ್ಲ, ಬೋರ್ಡ್ ಜೊತೆ ಮಾತಾಡೋದನ್ನ ಕಂಪ್ಯೂಟರ್‌ಗೆ ಕಲಿಸೋ ತಂತ್ರಾಂಶ. ಇಂಥವು ಕರ್ನಲ್ ಒಳಗೇ, ಅಂದ್ರೆ ವಿಂಡೋಸ್‌ನ ತಿರುಳಲ್ಲೇ, ಕೂತು ಓಡ್ತವೆ. ಕಾವಲಿನವನನ್ನ ಮನೆಗೆ ಕಳಿಸಿ, ಬೀಗ ತೆಗೆದಿಟ್ಟು, ಆಮೇಲೆ ನಮ್ಮನ್ನ ಕರೀರಿ ಅನ್ನೋರನ್ನ ಯಾರಾದ್ರೂ ಒಳಗೆ ಬಿಟ್ಕೋತಾರಾ?

ಭಾವ: ಸ್ವಲ್ಪ ಅತಿ ಆಯ್ತು ಇದು. ಹುಡುಗನಿಗೆ ಡ್ರೈವರ್ ಬೇಕು, ಮಾವ ಡ್ರೈವರ್ ಕೊಟ್ಟಿದ್ದಾರೆ.

ಅಕ್ಕ: ಡ್ರೈವರ್ ಬೇಕು ಅಂತ ಯಾರು ಹೇಳಿದ್ದು? ಪುಟ್ಟಾ, ಯಾವ ಬೋರ್ಡು? ಚುಚ್ಚಿದಾಗ ಏನಾಗುತ್ತೆ?

ತಮ್ಮ: ಇಎಸ್‌ಪಿ32, ಪ್ರೋಗ್ರಾಂ ಬರೆದು ಹಾಕೋ ಸಣ್ಣ ಬೋರ್ಡು. ಚುಚ್ಚಿದ್ರೆ ಕೆಂಪು ಲೈಟ್ ಹತ್ಕೊಳ್ಳುತ್ತೆ. ಕಂಪ್ಯೂಟರ್‌ನಲ್ಲಿ ಏನೂ ಇಲ್ಲ

ಅಕ್ಕ: ಡಿಂಗ್ ಅಂತ ಸದ್ದು? ಡಿವೈಸ್ ಮ್ಯಾನೇಜರ್, ಅದೇ ಕಂಪ್ಯೂಟರ್‌ಗೆ ಸೇರಿರೋ ಸಾಧನಗಳ ಪಟ್ಟಿ, ತೆರೆದಿಟ್ಕೊಂಡು ಚುಚ್ಚಿದಾಗ ಪಟ್ಟಿ ಒಂದ್ಸಲ ಮಿಣುಕುತ್ತಾ?

ತಮ್ಮ: ಸದ್ದಿಲ್ಲ. ಪಟ್ಟಿ ಅಲ್ಲಾಡ್ತಾನೇ ಇಲ್ಲ

ಅಕ್ಕ: ಹಾಗಾದ್ರೆ ಕೇಬಲ್ ಬದಲಾಯಿಸು.

ಭಾವ: ಲೈಟ್ ಉರೀತಿದೆ ಅಂದ್ಮೇಲೆ ಕೇಬಲ್ ಸರಿ ಇದೆ ಅಂತಲೇ ತಾನೇ?

ಅಕ್ಕ: ಲೈಟ್ ಉರಿಯೋಕೆ ಎರಡು ತಂತಿ ಸಾಕು ರೀ, 5 ವೋಲ್ಟ್ ಒಂದು, ಗ್ರೌಂಡ್ ಒಂದು. ಮಾತಾಡೋಕೆ ಇನ್ನೆರಡು ಬೇಕು, ಡಿ ಪ್ಲಸ್, ಡಿ ಮೈನಸ್. ಬರೀ ಚಾರ್ಜ್ ಮಾಡೋ ಕೇಬಲ್‌ಗಳಲ್ಲಿ ಆ ಎರಡು ಇರೋದೇ ಇಲ್ಲ. ಹೊರಗಿಂದ ನೋಡಿದ್ರೆ ಗೊತ್ತೂ ಆಗಲ್ಲ. ಅದೇ ಕೇಬಲ್‌ನಲ್ಲಿ ಫೋನಿಂದ ಫೋಟೋ ಕಾಪಿ ಆಗುತ್ತಾ ನೋಡೋ.

ಚಿಕ್ಕಮ್ಮ: ಇದು ಮನೆ ಗುಂಪಾ, ವರ್ಕ್‌ಶಾಪಾ?

ಮಾವ: ಮಗಳೇ, ಕೇಬಲ್ ಹಾಳಾಗಿದ್ರೆ "ಅನ್‌ನೋನ್ ಡಿವೈಸ್, ಕೋಡ್ 43" ಅಂತ ಬರಬೇಕು. ನಾನೂ ಅಷ್ಟಿಷ್ಟು ಓದಿದೀನಿ.

ಅಕ್ಕ: ಬರುತ್ತೆ ಮಾವ, ಆದ್ರೆ ಯಾವಾಗ? ಡೇಟಾ ತಂತಿ ಇದ್ದು, ಬೋರ್ಡ್ ಬಂದಿದೆ ಅಂತ ಕಂಪ್ಯೂಟರ್‌ಗೆ ಗೊತ್ತಾಗಿ, "ನೀನ್ಯಾರು" ಅಂತ ಕೇಳಿದ್ಮೇಲೆ ಉತ್ತರ ಸಿಗದೇ ಹೋದಾಗ. ತಂತಿಯೇ ಇಲ್ಲ ಅಂದ್ರೆ ಯಾರೋ ಬಂದಿದ್ದಾರೆ ಅಂತಲೇ ಗೊತ್ತಾಗಲ್ಲ. ಅಂದಹಾಗೆ 43 ಬಂದ್ರೂ ಡ್ರೈವರ್ ಹುಡುಕಿ ಹೆಚ್ಚು ಪ್ರಯೋಜನ ಇಲ್ಲ. ಯಾರು ಅಂತಲೇ ಗೊತ್ತಾಗಿಲ್ಲ, ಯಾವ ಡ್ರೈವರ್ ಹಾಕ್ತೀರಿ? ಹಬ್ ತೆಗೆದು ನೇರ ಚುಚ್ಚಿ, ಕೇಬಲ್ ಬದಲಿಸಿ, ಬೆಸುಗೆ ನೋಡಿ.

ನಾನು: ಲಿನಕ್ಸ್ ಹಾಕ್ಕೊಂಡಿದ್ರೆ ಈ ಗೋಳೇ ಇರ್ತಿರ್ಲಿಲ್ಲ. ಇಂಥ ಬೋರ್ಡ್‌ಗಳಲ್ಲಿರೋ ಸಿಎಚ್340 ಅನ್ನೋ ಯುಎಸ್‌ಬಿ ಚಿಪ್‌ನ ಡ್ರೈವರ್ ಕರ್ನಲ್ ಜೊತೆಗೇ ಬರುತ್ತೆ.

ಅಕ್ಕ: ಬಂದ ನೋಡಿ. ಉಬುಂಟು 22.04ರಲ್ಲಿ ಬೋರ್ಡ್ ಜೊತೆ ಮಾತಾಡೋ ನಿನ್ನ ಪೋರ್ಟ್ ಹುಟ್ಟಿದ ಕೂಡ್ಲೇ ಮಾಯ ಆಗ್ತಿತ್ತಲ್ಲ, ಎರಡು ದಿನ ತಲೆ ಚಚ್ಕೊಂಡಿದ್ದು ಯಾರು?

ನಾನು: ಅದು ಬಿಆರ್‌ಎಲ್‌ಟಿಟಿವೈ ಕಾಟ. ಬ್ರೈಲ್ ಪರದೆಗಳಿಗಾಗಿ ಇರೋ ಸೇವೆ, ನನ್ನ ಬೋರ್ಡ್‌ನ ಬ್ರೈಲ್ ಪರದೆ ಅಂದ್ಕೊಂಡು ಕಿತ್ಕೊಳ್ತಿತ್ತು. ಅದನ್ನ ತೆಗೆದ್ಮೇಲೆ ಸರಿಹೋಯ್ತು.

ಅಕ್ಕ: ಆಮೇಲೆ "ಪರ್ಮಿಷನ್ ಡಿನೈಡ್" ಅಂತ ಅತ್ತಿದ್ದು?

ನಾನು: ಪೋರ್ಟ್ ಬಳಸೋ ಅನುಮತಿ ಇರೋ ಡಯಲ್‌ಔಟ್ ಗುಂಪಿಗೆ ಸೇರ್ಕೊಂಡು ಒಂದ್ಸಲ ಲಾಗೌಟ್ ಆಗಿ ಬಂದ್ರೆ ಮುಗೀತು, ಅದೇನು ದೊಡ್ಡ ವಿಷಯ. ನಾನು ಸುಮ್ನಿರ್ತೀನಿ ಬಿಡು.

ತಮ್ಮ: ಡಿಂಗ್ ಅಂತು!!!

ತಮ್ಮ: ಹಳೇ ಹಾರ್ಡ್‌ಡಿಸ್ಕ್ ಕೇಬಲ್ ಹಾಕ್ದೆ. "ಯುಎಸ್‌ಬಿ ಸೀರಿಯಲ್" ಅಂತ ಬಂದಿದೆ, ಪಕ್ಕದಲ್ಲಿ ಹಳದಿ ತ್ರಿಕೋನ. ಒಳಗೆ ಕೋಡ್ 28, ಡ್ರೈವರ್ ಇನ್‌ಸ್ಟಾಲ್ ಆಗಿಲ್ಲ ಅಂತೆ

ಮಾವ: ನೋಡಿದ್ರಾ? ಡ್ರೈವರ್! ನಾನು ಮೊದಲ್ನೇ ಮಾತಲ್ಲೇ ಹೇಳ್ಲಿಲ್ವಾ?

ಭಾವ: ಮಾವನಿಗೆ ಜೈ

ಅಕ್ಕ: ಸರಿ, ಡ್ರೈವರ್ರೇ. ಆದ್ರೆ ಯಾವ ಡ್ರೈವರ್? ಪುಟ್ಟಾ, ಅದರ ಪ್ರಾಪರ್ಟೀಸ್‌ಗೆ ಹೋಗಿ ಡೀಟೇಲ್ಸ್‌ನಲ್ಲಿ ಹಾರ್ಡ್‌ವೇರ್ ಐಡಿ ನೋಡು. ವಿಐಡಿ ಅಂದ್ರೆ ತಯಾರಕರ ನಂಬರ್, ಪಿಐಡಿ ಅಂದ್ರೆ ಚಿಪ್‌ನ ನಂಬರ್, ಎರಡೂ ಹೇಳು.

ತಮ್ಮ: 1ಎ86, 7523

ಅಕ್ಕ: ಸಿಎಚ್340. 10ಸಿ4 ಮತ್ತು ಇಎ60 ಅಂತಿದ್ರೆ ಸಿಪಿ2102, 0403 ಮತ್ತು 6001 ಅಂತಿದ್ರೆ ಎಫ್‌ಟಿಡಿಐ ಕಂಪನಿಯ ಎಫ್‌ಟಿ232. ಬೋರ್ಡ್ ಹೆಸರಿಗೂ ಡ್ರೈವರ್‌ಗೂ ಸಂಬಂಧ ಇಲ್ಲ, ಯುಎಸ್‌ಬಿ ಬಾಯಲ್ಲಿ ಕೂತಿರೋ ಈ ಸಣ್ಣ ಚಿಪ್ ಯಾವುದು ಅನ್ನೋದೇ ಲೆಕ್ಕ. ಒಂದೇ ಥರ ಕಾಣೋ ಎರಡು ಇಎಸ್‌ಪಿ32 ಬೋರ್ಡ್‌ಗಳಲ್ಲಿ ಬೇರೆ ಬೇರೆ ಚಿಪ್ ಇರಬಹುದು. ಅದಕ್ಕೇ "ಎಲ್ಲಾ ಬೋರ್ಡ್‌ಗೂ ಒಂದೇ" ಅಂದಾಗ ನನ್ನ ಮೈ ಉರಿಯೋದು.

ಮಾವ: ಜಿಪ್ ಒಳಗೆ ಸಿಎಚ್340 ಅಂತ ಫೋಲ್ಡರ್ರೇ ಇದೆ. ಈಗ ನೋಡ್ದೆ.

ಅಕ್ಕ: ಇರಲಿ ಮಾವ. ಅಸಲಿ ಡ್ರೈವರ್‌ಗೆ ಇದು ಯಾರದ್ದು ಅಂತ ಹೇಳೋ ಡಿಜಿಟಲ್ ಸಹಿ ಇರುತ್ತೆ. ಸಹಿ ಇರೋದಾದ್ರೆ ತಪಾಸಣೆ ಯಾಕೆ ಆಫ್ ಮಾಡ್ಬೇಕು?

(ಹತ್ತು ನಿಮಿಷ ಯಾರದ್ದೂ ಮಾತಿಲ್ಲ. ಚಿಕ್ಕಮ್ಮನದು ಒಂದು ಗುಡ್ ನೈಟ್ ಚಿತ್ರ ಬಂತು.)

ಭಾವ: ಅದಕ್ಕೆ ಕಾರಣ ಇರಬಹುದು. ಪ್ಯಾಕ್ ಕಟ್ಟಿದವರು ಎಲ್ಲಾ ಚಿಪ್ ಹೆಸರು ಯಾವ ಚಿಪ್‌ಗೆ ಯಾವ ಡ್ರೈವರ್ ಅಂತ ಹೇಳೋ ಒಂದೇ ಐಎನ್‌ಎಫ್ ಫೈಲಿಗೆ ಸೇರಿಸಿರ್ತಾರೆ. ಆ ಫೈಲ್‌ನಲ್ಲಿ ಒಂದಕ್ಷರ ಬದಲಾದ್ರೂ ಸಹಿ ಕೂಡಲ್ಲ. ಅಂದ್ರೆ ಕಳ್ಳತನವೇ ಆಗಿರಬೇಕು ಅಂತೇನಿಲ್ಲ.

ಅಕ್ಕ: ಒಪ್ದೆ. ಕಳ್ಳನೋ, ಅತಿ ಉತ್ಸಾಹಿಯೋ, ಹೊರಗಿಂದ ನೋಡೋರಿಗೆ ಹೇಗೆ ಗೊತ್ತಾಗಬೇಕು? ಅದನ್ನ ಹೇಳೋಕಂತಲೇ ಸಹಿ ಇರೋದು.

ಭಾವ: ಹಾಗಂತ ತಯಾರಕರ ಸಹಿ ಇದ್ದದ್ದೆಲ್ಲ ಗಂಗೆಯಲ್ಲಿ ಮಿಂದು ಬಂದಿರುತ್ತಾ? 2014ರಲ್ಲಿ ಎಫ್‌ಟಿಡಿಐ ಡ್ರೈವರ್ ವಿಂಡೋಸ್ ಅಪ್‌ಡೇಟ್ ಮೂಲಕವೇ ಬಂದು, ನಕಲಿ ಚಿಪ್‌ಗಳ ಪಿಐಡಿಯನ್ನ ಸೊನ್ನೆ ಮಾಡಿ ಕೂರಿಸ್ತು. ನಕಲಿ ಅಂತ ಗೊತ್ತಿಲ್ಲದೆ ಕೊಂಡವರ ಬೋರ್ಡೂ ಕಂಪ್ಯೂಟರಿಗೆ ಕಾಣದ ಹಾಗಾಯ್ತು. ಗಲಾಟೆ ಆದ್ಮೇಲೆ ಆ ಡ್ರೈವರ್ ವಾಪಸ್ ತಗೊಂಡ್ರು. ಸಹಿ ಇತ್ತಲ್ಲ ಅದಕ್ಕೆ?

ಅಕ್ಕ: ಇತ್ತು. ಅದಕ್ಕೇ ಯಾರನ್ನ ಬೈಬೇಕು ಅಂತ ಎಲ್ಲರಿಗೂ ಗೊತ್ತಿತ್ತು. ಈ ಜಿಪ್ ಕೈ ಕೊಟ್ರೆ ಯಾರನ್ನ ಬೈತೀರಿ, ಮಾವನನ್ನಾ?

ಮಾವ: ನನ್ನ ಯಾಕಮ್ಮಾ ಎಳೀತೀಯ.

ತಮ್ಮ: ನೀವು ಜಗಳ ಆಡ್ತಿರಿ, ನಾನು ವಿಂಡೋಸ್ ಅಪ್‌ಡೇಟ್‌ನ ಆಪ್ಷನಲ್ ಪಟ್ಟೀಲಿ ನೋಡ್ದೆ, ಸಿಎಚ್340 ಅಲ್ಲೇ ಇತ್ತು. ಹಾಕ್ದೆ. ಕಾಮ್5 ಅಂತ ಪೋರ್ಟ್ ಬಂತು

ಅಕ್ಕ: ಜಾಣ.

ತಮ್ಮ: ಆದ್ರೆ ಅಪ್‌ಲೋಡ್ ಆಗ್ತಿಲ್ಲ. "ಆ್ಯಕ್ಸೆಸ್ ಡಿನೈಡ್"

ಭಾವ: ಅದೂ ಡ್ರೈವರ್ರೇ ಇರ್ಬೇಕು. ತೆಗೆದು ಮತ್ತೆ ಹಾಕು.

ಅಕ್ಕ: ಅಯ್ಯೋ ರಾಮ. ಬೋರ್ಡ್ ಕಳಿಸೋ ಮಾತು ತೋರಿಸೋ ಸೀರಿಯಲ್ ಮಾನಿಟರ್ ಬೇರೆ ಕಿಟಕೀಲಿ ತೆರೆದಿದೆಯೇನೋ? ಒಂದು ಪೋರ್ಟನ್ನ ಒಬ್ಬರೇ ಹಿಡ್ಕೊಳ್ಳೋಕಾಗೋದು.

ತಮ್ಮ: ಹೌದು, ಇತ್ತು. ಮುಚ್ದೆ. ಈಗ "ಕನೆಕ್ಟಿಂಗ್" ಅಂತ ಚುಕ್ಕಿ ಚುಕ್ಕಿ ಬರ್ತಾ ಇದೆ, ಕೊನೆಗೆ ಟೈಮ್‌ಔಟ್

ಅಕ್ಕ: ಇದು ಕಂಪ್ಯೂಟರ್ ಕಡೆ ತಪ್ಪಲ್ಲ. ಬೋರ್ಡ್ ಮೇಲೆ ಬೂಟ್ ಅನ್ನೋ ಗುಂಡಿ ಇದೆ, ಚುಕ್ಕಿ ಬರೋವಾಗ ಅದನ್ನ ಒತ್ತಿ ಹಿಡ್ಕೋ, ಬರವಣಿಗೆ ಶುರುವಾದ್ಮೇಲೆ ಬಿಡು. ರೀಸೆಟ್ ಆಗೋ ಹೊತ್ತಿಗೆ ಜಿಪಿಐಒ 0 ಅನ್ನೋ ಪಿನ್‌ನ ವೋಲ್ಟೇಜ್ ಕೆಳಗೆ ಎಳೆದಿದ್ರೆ ಮಾತ್ರ ಅದು ಹೊಸ ಪ್ರೋಗ್ರಾಂ ಕೇಳಿಸ್ಕೊಳ್ಳೋದು. ಕೆಲವು ಬೋರ್ಡ್ ತಾನೇ ಎಳ್ಕೊಳ್ಳುತ್ತೆ, ಕೆಲವಕ್ಕೆ ನಮ್ಮ ಬೆರಳೇ ಗತಿ.

ತಮ್ಮ: ಆಯ್ತು!!!!! ಲೈಟ್ ಮಿಣುಕ್ತಿದೆ

ಭಾವ: ಒಟ್ಟು ಲೆಕ್ಕ: ಕೇಬಲ್ ಒಂದು, ಡ್ರೈವರ್ ಒಂದು, ಮಾನಿಟರ್ ಒಂದು, ಗುಂಡಿ ಒಂದು. ನಾಲ್ಕರಲ್ಲಿ ಒಂದು ಮಾವನದು.

ಮಾವ: ಅಳಿಯಂದಿರು ನ್ಯಾಯವಂತರು.

ತಮ್ಮ: ಅಕ್ಕಾ, ಪೋರ್ಟ್ ಮತ್ತೆ ಹೋಯ್ತು!

ಅಕ್ಕ: ಏನ್ ಮಾಡ್ದೆ?

ತಮ್ಮ: ಏನೂ ಇಲ್ಲ. ಲ್ಯಾಪ್‌ಟಾಪ್‌ನ ಈ ಕಡೆಯಿಂದ ಆ ಕಡೆಗೆ ಚುಚ್ಚಿದೆ ಅಷ್ಟೇ

ಅಕ್ಕ: ಕಾಮ್6 ಆಗಿರುತ್ತೆ ನೋಡು. ನಿನ್ನ ಸಿಎಚ್340ಗೆ ಸೀರಿಯಲ್ ನಂಬರ್ ಇಲ್ಲ, ತೂತು ಬದಲಾದ್ರೆ ವಿಂಡೋಸ್ ಅದನ್ನ ಹೊಸ ಬೋರ್ಡ್ ಅಂತಲೇ ತಿಳ್ಕೊಳ್ಳುತ್ತೆ.

ತಮ್ಮ: ಹೌದು, 6. ಸಾರಿ

ಚಿಕ್ಕಮ್ಮ: ಮುಗೀತಾ? ಮಲಗ್ಲಾ?

ಮಾವ: ಪುಟ್ಟೀ, ಒಂದು ಸಣ್ಣ ವಿಷಯ. ನನ್ನ ಕಂಪ್ಯೂಟರ್ ಸ್ಕ್ರೀನಿನ ಕೆಳಗಡೆ ಬಲಮೂಲೇಲಿ "ಟೆಸ್ಟ್ ಮೋಡ್" ಅಂತ ಸಣ್ಣದಾಗಿ ಬರೆದಿದೆ. ಹೋದ ವಾರದಿಂದ. ಅದೇನು?

ಅಕ್ಕ: ಮಾವ.

ಅಕ್ಕ: "ಹಾಕಿ ನೋಡಿದೀನಿ, ಏನೂ ಆಗಿಲ್ಲ" ಅಂದ್ರಲ್ಲ.

ಮಾವ: ಏನೂ ಆಗಿಲ್ಲಮ್ಮ. ಅದೊಂದು ಬರಹ ಬಂದಿದೆ ಅಷ್ಟೇ.

ಅಕ್ಕ: ಯಾರೋ ತಾವೇ ಹಾಕ್ಕೊಂಡ ಪರೀಕ್ಷಾ ಸಹಿಯ ಡ್ರೈವರ್‌ಗೂ ಬಾಗಿಲು ತೆಗೆದಿಟ್ಟಿದ್ದೀರಿ ಅಂತ ವಿಂಡೋಸ್ ಹೇಳ್ತಾ ಇರೋದು ಅದು. ರೀಸ್ಟಾರ್ಟ್ ಮಾಡಿದ್ರೂ ಹೋಗಲ್ಲ, ಕಮಾಂಡ್ ಕೊಟ್ಟು ಟೆಸ್ಟ್‌ಸೈನಿಂಗ್ ಆಫ್ ಮಾಡ್ಬೇಕು. ಮೊದಲು ನೆಟ್ ತೆಗೀರಿ. ಫೋನ್ ಮಾಡ್ತೀನಿ, ಕಂಪ್ಯೂಟರ್ ಮುಂದೆ ಕೂತ್ಕೊಳ್ಳಿ.

ಮಾವ: ಈಗ್ಲೇನಾ?

ಅಕ್ಕ: ಈಗ್ಲೇ.

ಭಾವ: ಮಾವ, ಇದ್ರಲ್ಲಿ ನಾನಿಲ್ಲ.

(ಮಾವ ಒಂದು ಸಂದೇಶವನ್ನು ಅಳಿಸಿದ್ದಾರೆ)