ಊರಿಗೆ ಹೋಗುವ ಮುನ್ನ ಮಕ್ಕಳಿಗೆ ಯಾವ ಕನ್ನಡ ಸಿನಿಮಾ ತೋರಿಸಲಿ?

ಮೂಲ ಕಲಬುರಗಿ, ಈಗ ಡಲ್ಲಾಸ್

ಎಲ್ಲರಿಗೂ ಶರಣು. ನನ್ನ ತವರುಮನೆ ಕಲಬುರಗಿಯ ಬ್ರಹ್ಮಪುರದಲ್ಲಿದೆ. ಮಗಳಿಗೆ ಹನ್ನೆರಡು ವರ್ಷ, ಮಗನಿಗೆ ಎಂಟು. ಮೇ ಕೊನೆಗೆ ಇಲ್ಲಿನ ಶಾಲೆಗಳಿಗೆ ಬೇಸಿಗೆ ರಜೆ ಸಿಗುತ್ತದೆ, ಜುಲೈನಲ್ಲಿ ನಾವು ಊರಿಗೆ ಹೊರಡುತ್ತೇವೆ. ನಡುವಿನ ವಾರಗಳಲ್ಲಿ ಪ್ರತಿ ಶುಕ್ರವಾರ ರಾತ್ರಿ ಮನೆಮಂದಿಯೆಲ್ಲ ಕೂತು ಒಂದೊಂದು ಕನ್ನಡ ಸಿನಿಮಾ ನೋಡಬೇಕೆಂದುಕೊಂಡಿದ್ದೇವೆ. ಇದು ಬರೀ ಹೊತ್ತು ಕಳೆಯಲಿಕ್ಕಲ್ಲ. ಮೊನ್ನೆ ವಿಡಿಯೊ ಕರೆಯಲ್ಲಿ ಮಕ್ಕಳ ಆಯಿ, ಅಂದರೆ ಅಜ್ಜಿ, “ಊಟ ಆತೇನೋ? ಏನ್ ಮಾಡ್ಲಕತ್ತಿದಿ?” ಎಂದು ಕೇಳಿದಾಗ ಮಗ ಉತ್ತರ ಕೊಡದೆ ನನ್ನ ಮುಖ ನೋಡಿದ; ನಾನು ಅವನಿಗೆ ಇಂಗ್ಲಿಷಿನಲ್ಲಿ ತಿಳಿಸುವಷ್ಟರಲ್ಲಿ ಆಯಿಯೇ ಮಾತು ಬದಲಿಸಿ ಕಲಬುರಗಿಯ ಬಿಸಿಲಿನ ವಿಚಾರ ಎತ್ತಿದರು. ಊರಿಗೆ ಹೋದ ಮೇಲೂ ಹೀಗೇ ಆದರೆ ಒಂದೇ ಮನೆಯಲ್ಲಿ ಇದ್ದೂ ಏನು ಬಂತು ಎಂಬ ಚಿಂತೆ ಹತ್ತಿದೆ.

ಹೊಡೆದಾಟ, ಕುಡಿತ ಹೆಚ್ಚಿಲ್ಲದ, ಎಂಟು ವರ್ಷದವನೂ ಕೂತು ನೋಡಬಹುದಾದ ಹಳೆಯ ಮತ್ತು ಹೊಸ ಸಿನಿಮಾಗಳನ್ನು ತಿಳಿಸಿರಿ. ಅವು ಸಬ್‌ಟೈಟಲ್ ಸಮೇತ ಸಿಗುತ್ತವೆಯೇ ಎಂಬುದನ್ನೂ ದಯವಿಟ್ಟು ಹೇಳಿರಿ.

ಮೂಲ ಯಾದಗಿರಿ, ಈಗ ನ್ಯೂಜೆರ್ಸಿ

ತಂಗೀ, ಇದಕ್ಕೆ ಇಷ್ಟು ಯೋಚಿಸಬೇಕಾಗಿಲ್ಲ. ಅಣ್ಣಾವ್ರ ಸಿನಿಮಾಗಳಿಂದ ಶುರುಮಾಡು, ಅಲ್ಲೇ ಮುಗಿಸು. 1971ರ ‘ಕಸ್ತೂರಿ ನಿವಾಸ’, 1972ರ ‘ಬಂಗಾರದ ಮನುಷ್ಯ’, 1975ರ ‘ಮಯೂರ’, 1977ರ ‘ಬಬ್ರುವಾಹನ’, ಈ ನಾಲ್ಕನ್ನು ನೋಡಿದ ಮಗುವಿಗೆ ಬೇರೆ ಕನ್ನಡ ಮೇಷ್ಟ್ರು ಬೇಕಿಲ್ಲ. ‘ಬಂಗಾರದ ಮನುಷ್ಯ’ ನೋಡಿ ಪಟ್ಟಣ ಬಿಟ್ಟು ಹೊಲಕ್ಕೆ ಮರಳಿದ ಯುವಕರ ಮಾತನ್ನು ಇಂದಿಗೂ ಜನ ಆಡುತ್ತಾರೆ. ಒಂದು ಸಿನಿಮಾ ಇದಕ್ಕಿಂತ ಹೆಚ್ಚೇನು ಮಾಡಬೇಕು? ಈಗಿನ ಸಿನಿಮಾಗಳಲ್ಲಿ ನಾಯಕ ತೆರೆಯ ಮೇಲೆ ಬರುವುದೇ ಮಚ್ಚು ಹಿಡಿದುಕೊಂಡು, ಬಾಯಲ್ಲಿ ಸಿಗರೇಟು ಇಟ್ಟುಕೊಂಡು. ಹೊಸದರ ಗೋಜಿಗೆ ಹೋಗಲೇಬೇಡ.

ಮೂಲ ಕಲಬುರಗಿ, ಈಗ ಮೆಲ್ಬರ್ನ್

ಅಕ್ಕಾ, ಹಿರಿಯರ ಮಾತನ್ನು ಅಲ್ಲಗಳೆಯುವುದಿಲ್ಲ. ಆದರೆ ‘ಬಬ್ರುವಾಹನ’ದ ಗ್ರಾಂಥಿಕ ಸಂಭಾಷಣೆಯನ್ನು ಎಂಟು ವರ್ಷದ ಮಗು ಹಿಂಬಾಲಿಸುವುದು ಕಷ್ಟ, ಯುದ್ಧ ಬರುವವರೆಗೆ ಅವನು ಎದ್ದು ಹೋಗದಿದ್ದರೆ ಅದೇ ದೊಡ್ಡದು. ಮಕ್ಕಳಿಗೆ ಮಕ್ಕಳೇ ಮುಖ್ಯ ಪಾತ್ರದಲ್ಲಿರುವ ಸಿನಿಮಾಗಳಿಂದ ಆರಂಭಿಸುವುದು ಒಳ್ಳೆಯದು. ನಮ್ಮ ಮನೆಯಲ್ಲಿ ಹಿಡಿಸಿದವುಗಳನ್ನು ಹೇಳುತ್ತೇನೆ.

ಮೊದಲನೆಯದು ಟಿ. ಎಸ್. ನಾಗಾಭರಣ ಅವರ ‘ಚಿನ್ನಾರಿ ಮುತ್ತ’ (1993). ಹಳ್ಳಿಯ ಹುಡುಗನೊಬ್ಬ ಓಟಗಾರನಾಗುವ ಕಥೆ. ಎಚ್. ಎಸ್. ವೆಂಕಟೇಶಮೂರ್ತಿಯವರ ಹಾಡುಗಳಿಗೆ ಸಿ. ಅಶ್ವಥ್ ಅವರ ಸಂಗೀತವಿದ್ದು, ಸಿನಿಮಾ ಮುಗಿದ ಮೇಲೂ ಹಾಡುಗಳು ಕಾರಿನಲ್ಲಿ ಉಳಿಯುತ್ತವೆ. ಎರಡನೆಯದು ಪುನೀತ್ ಅವರು ಬಾಲನಟರಾಗಿದ್ದಾಗ ರಾಷ್ಟ್ರಪ್ರಶಸ್ತಿ ಪಡೆದ ‘ಬೆಟ್ಟದ ಹೂವು’ (1985). ಅದರಲ್ಲಿ ಹುಡುಗ ಬೆಟ್ಟ ಹತ್ತಿ ಅಪರೂಪದ ಹೂವುಗಳನ್ನು ತಂದು ವಿದೇಶಿ ಮಹಿಳೆಗೆ ಕೊಟ್ಟು ಕಾಸು ಕೂಡಿಸುತ್ತಾನೆ. ಅವನಿಗೆ ಬೇಕಾಗಿರುವುದು ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’. ಕೊನೆಗೆ ಆ ಹಣದಿಂದ ಅವನು ಏನು ಕೊಳ್ಳುತ್ತಾನೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ನಮ್ಮ ಮಗಳು ಆ ಭಾಗವನ್ನು ಮತ್ತೊಮ್ಮೆ ಹಾಕಿಸಿಕೊಂಡು ನೋಡಿದಳು.

ಹೊಸದರಲ್ಲಿ ರಿಷಬ್ ಶೆಟ್ಟಿಯವರ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ’ (2018) ತೋರಿಸಿರಿ. ಕೇರಳದ ಗಡಿಯೊಳಗಿರುವ ಕನ್ನಡ ಶಾಲೆಯೊಂದನ್ನು ಉಳಿಸಿಕೊಳ್ಳಲು ಮಕ್ಕಳು ಪಡುವ ಪಾಡು ಅದರಲ್ಲಿದೆ, ನಗು ಧಾರಾಳವಾಗಿದೆ, ಅನಂತನಾಗ್ ಅವರಿದ್ದಾರೆ. ಅತ್ಯುತ್ತಮ ಮಕ್ಕಳ ಚಿತ್ರವೆಂದು ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂದಿದೆ. ‘777 ಚಾರ್ಲಿ’ (2022) ಕೂಡ ಚೆನ್ನಾಗಿದೆ. ಆದರೆ ಅದು ಎರಡೂವರೆ ಗಂಟೆಗೂ ಮೀರಿದ ಸಿನಿಮಾ, ನಾಯಿಗೆ ಕಾಯಿಲೆ ಬೀಳುವ ಭಾಗ ಸಣ್ಣವನಿಗೆ ಭಾರವಾಗಬಹುದು. ಮೊದಲು ನೀವೊಬ್ಬರೇ ನೋಡಿ, ಅನಂತರ ತೀರ್ಮಾನಿಸಿರಿ.

ಮೂಲ ಬೀದರ್, ಈಗ ದುಬೈ

ಎಲ್ಲರೂ ಪಟ್ಟಿ ಕೊಡುತ್ತಿದ್ದೀರಿ, ಆದರೆ ಮೇಡಂ ಅವರ ನಿಜವಾದ ತೊಂದರೆಯನ್ನು ಯಾರೂ ಮುಟ್ಟಲಿಲ್ಲ. ಆಯಿ ಆಡುವ ಕನ್ನಡ ಈ ಸಿನಿಮಾಗಳಲ್ಲಿ ಎಲ್ಲಿದೆ? ಮೈಸೂರು-ಬೆಂಗಳೂರಿನ ಮಾತು ಕೇಳಿ ಬೆಳೆದ ಮಗು ಕಲಬುರಗಿಗೆ ಹೋಗಿ ಮತ್ತೆ ಅಮ್ಮನ ಮುಖವನ್ನೇ ನೋಡುತ್ತದೆ. ಉರ್ದು, ಮರಾಠಿ ಬೆರೆತ ನಮ್ಮ ಸೀಮೆಯ ಮಾತು ಸಿನಿಮಾದವರಿಗೆ ನೆನಪಾಗುವುದು ಜನರನ್ನು ನಗಿಸಬೇಕಾದಾಗ ಮಾತ್ರ. ಊರಿನಿಂದ ಬಂದ ಪೆದ್ದ ಮಾವನ ಬಾಯಲ್ಲಿ ಅದನ್ನು ಇಟ್ಟು ಕೈತೊಳೆದುಕೊಳ್ಳುತ್ತಾರೆ. ಉತ್ತರ ಕರ್ನಾಟಕದ ಮಾತನ್ನು ಗೌರವದಿಂದ ಆಡಿಸಿದ ಸಿನಿಮಾ ಬೇಕೆಂದರೆ 1997ರ ‘ನಾಗಮಂಡಲ’ ತೋರಿಸಿರಿ. ಅದರ ಮಾತು ಧಾರವಾಡದ ಕಡೆಯದಾದರೂ ನಮಗೆ ಹತ್ತಿರ.

ಮೂಲ ಕಲಬುರಗಿ, ಈಗ ಮೆಲ್ಬರ್ನ್

ಅಣ್ಣಾ, ‘ನಾಗಮಂಡಲ’ ಒಳ್ಳೆಯ ಸಿನಿಮಾ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಹೆಂಡತಿಯನ್ನು ಮನೆಯಲ್ಲಿ ಕೂಡಿಹಾಕಿ ಬೇರೆಡೆ ರಾತ್ರಿ ಕಳೆಯುವ ಗಂಡನ ಕಥೆಯನ್ನು ಎಂಟು ವರ್ಷದವನಿಗೆ ಯಾರು ವಿವರಿಸುತ್ತಾರೆ?

ಮೂಲ ಬೀದರ್, ಈಗ ದುಬೈ

ಮಗಳಿಗಾದರೂ ತೋರಿಸಬಹುದು, ಇನ್ನೆರಡು ವರ್ಷ ಬಿಟ್ಟು.

ಮೂಲ ಕಲಬುರಗಿ, ಈಗ ಟೊರಾಂಟೊ

ಅಕ್ಕಾ, ನಮ್ಮ ಮನೆಮಾತು ದಖನಿ. ಕನ್ನಡ ಕಲಿತದ್ದು ಓಣಿಯಲ್ಲಿ ಮತ್ತು ಶಾಲೆಯಲ್ಲಿ. ನಾವು ಸಣ್ಣವರಿದ್ದಾಗ ನಮ್ಮೂರಿನ ಟಾಕೀಸುಗಳಲ್ಲಿ ಹಿಂದಿಯದ್ದೇ ದರ್ಬಾರು, ನಡುನಡುವೆ ತೆಲುಗು. ಕನ್ನಡ ಸಿನಿಮಾ ಬಂದರೆ ವಾರಕ್ಕೇ ಎತ್ತಿಬಿಡುತ್ತಿದ್ದರು. ಸಿನಿಮಾ ನೋಡಿ ಕನ್ನಡ ಕಲಿತೆವು ಎಂದು ನಮ್ಮ ಕಡೆಯವರು ಹೇಳಿದರೆ ನಾನು ಅಷ್ಟು ಸುಲಭವಾಗಿ ನಂಬುವುದಿಲ್ಲ.

ನನ್ನ ಆಯ್ಕೆ ‘ಸಂತ ಶಿಶುನಾಳ ಶರೀಫ’ (1990). ಇದೂ ನಾಗಾಭರಣ ಅವರದ್ದೇ. ಶ್ರೀಧರ್ ಶರೀಫರಾಗಿ, ಗಿರೀಶ ಕಾರ್ನಾಡರು ಗುರು ಗೋವಿಂದ ಭಟ್ಟರಾಗಿ ಅಭಿನಯಿಸಿದ್ದಾರೆ. ಬಂದೇ ನವಾಜ್ ದರ್ಗಾಕ್ಕೂ ಶರಣಬಸವೇಶ್ವರರ ಗುಡಿಗೂ ಒಂದೇ ಮನೆಯಿಂದ ಕಾಯಿ-ಸಕ್ಕರೆ ಹೋಗುವುದನ್ನು ಕಂಡು ಬೆಳೆದ ನಮಗೆ ಈ ಗುರು-ಶಿಷ್ಯರ ಸಂಬಂಧವನ್ನು ಬಿಡಿಸಿ ಹೇಳಬೇಕಾಗಿಲ್ಲ, ಆದರೆ ಡಲ್ಲಾಸಿನ ಮಕ್ಕಳಿಗೆ ಹೇಳಬೇಕಾಗುತ್ತದೆ. ಪೂರ್ತಿ ಕೂರದಿದ್ದರೆ ಹಾಡುಗಳನ್ನಷ್ಟೇ ಹಾಕಿರಿ.

ಮೂಲ ಯಾದಗಿರಿ, ಈಗ ನ್ಯೂಜೆರ್ಸಿ

ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ನನ್ನ ಇಬ್ಬರು ಮಕ್ಕಳೂ ಕ್ಯಾಸೆಟ್ ಹಾಕಿಕೊಂಡು ಅಣ್ಣಾವ್ರ ಸಿನಿಮಾ ನೋಡಿಯೇ ಕನ್ನಡ ಕಲಿತವರು. ಹಿರಿಯವನು ಇಂದಿಗೂ ‘ಮಯೂರ’ದ ಸಂಭಾಷಣೆಯನ್ನು ಒಂದೇ ಉಸಿರಿನಲ್ಲಿ ಹೇಳಬಲ್ಲ, ಕನ್ನಡ ಸಂಘದ ವೇದಿಕೆಯಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದಾನೆ. ಈಗ ಅವನಿಗೆ ಮಕ್ಕಳಿದ್ದಾರೆ. ಸೊಸೆ ಬೇರೆ ಭಾಷೆಯವಳು, ಮನೆಯಲ್ಲಿ ಇಂಗ್ಲಿಷ್. ಮೊಮ್ಮಕ್ಕಳು ನನ್ನನ್ನು ಮುತ್ಯಾ ಎಂದು ಕರೆಯುತ್ತಾರೆ, ಅಷ್ಟಕ್ಕೆ ನಿಲ್ಲುತ್ತದೆ. ಅದಕ್ಕೇ ಹೇಳುತ್ತಿದ್ದೇನೆ, ತಂಗೀ, ಮಕ್ಕಳು ನಿನ್ನ ಮಾತು ಕೇಳುವ ವಯಸ್ಸಿನಲ್ಲಿರುವಾಗಲೇ ಒಳ್ಳೆಯದನ್ನು ತೋರಿಸು. ನಾಯಿ, ಶಾಲೆ ಎಂದು ಕಾಲ ಕಳೆಯಬೇಡ.

ಮೂಲ ಬಸವಕಲ್ಯಾಣ, ಈಗ ಲಂಡನ್

1959ರ ‘ಜಗಜ್ಯೋತಿ ಬಸವೇಶ್ವರ’ವನ್ನು ಯಾರೂ ಹೆಸರಿಸದಿರುವುದು ಆಶ್ಚರ್ಯ. ಹೊನ್ನಪ್ಪ ಭಾಗವತರ್ ಬಸವಣ್ಣನಾಗಿ, ರಾಜಕುಮಾರ್ ಬಿಜ್ಜಳನಾಗಿ ನಟಿಸಿದ್ದಾರೆ. ನನ್ನ ಮಗಳು ಐದನೆಯ ವಯಸ್ಸಿನಿಂದಲೇ ವಚನಗಳನ್ನು ಅರ್ಥಸಹಿತ ಹೇಳುತ್ತಾಳೆ, ಇಲ್ಲಿನ ಬಸವ ಜಯಂತಿಯಲ್ಲಿ ಪ್ರತಿವರ್ಷ ಅವಳದ್ದೇ ಮೊದಲ ಕಾರ್ಯಕ್ರಮ. ಕಲಬುರಗಿಯಿಂದ ಕಲ್ಯಾಣ ದೂರವೇನಲ್ಲ. ಸಿನಿಮಾ ನೋಡಿಸಿ, ಮಕ್ಕಳನ್ನು ಒಂದು ದಿನ ಅಲ್ಲಿಗೂ ಕರೆದೊಯ್ಯಿರಿ.

ಕಲಬುರಗಿ, ಊರಿಗೆ ಮರಳಿದವರು

ತಂಗೀ, ಮುಖ್ಯವಾದ ಒಂದು ವಿಷಯ. ನೀನು ಬರುವ ಜುಲೈನಲ್ಲಿ ಇಲ್ಲಿ ಬೇಸಿಗೆ ಕಳೆದು ಶಾಲೆಗಳು ಯಾವಾಗಲೋ ಆರಂಭವಾಗಿರುತ್ತವೆ. ಅಣ್ಣ-ತಮ್ಮಂದಿರ ಮಕ್ಕಳು ಮುಂಜಾನೆ ಶಾಲೆಗೆ, ಸಂಜೆ ಟ್ಯೂಷನ್ನಿಗೆ ಹೋದರೆ ನಿನ್ನ ಮಕ್ಕಳಿಗೆ ಹಗಲೆಲ್ಲ ಜೊತೆಯಿರುವುದು ಆಯಿ ಮತ್ತು ಮುತ್ಯಾ ಇಬ್ಬರೇ. ಆದ್ದರಿಂದ ಎಲ್ಲವನ್ನೂ ಅಲ್ಲೇ ನೋಡಿ ಮುಗಿಸಬೇಡ, ಎರಡು-ಮೂರನ್ನು ಇಲ್ಲಿಗೆಂದು ಉಳಿಸಿಕೊ.

ನಮ್ಮ ಅವ್ವ ಸಿನಿಮಾ ನೋಡುವ ರೀತಿಯನ್ನು ಹೇಳುತ್ತೇನೆ. ಮಡಿಲಲ್ಲಿ ಶೇಂಗಾದ ಮೊರ ಇಟ್ಟುಕೊಂಡು ಒಡೆಯುತ್ತಾ ಟಿವಿಯ ಜೊತೆ ಜಗಳಕ್ಕೇ ಇಳಿಯುತ್ತಾಳೆ. “ಅಂವಾ ಸುಳ್ಳ ಹೇಳ್ಲಕತ್ತಾನ, ನೀ ನಂಬಬ್ಯಾಡವ್ವಾ” ಎಂದು ನಾಯಕಿಗೆ ಎಚ್ಚರಿಕೆ ಕೊಡುತ್ತಾಳೆ. ಆಕೆ ನಂಬಿದರೆ ಸಿಟ್ಟಿನಿಂದ ಶೇಂಗಾದ ಸಿಪ್ಪೆ ಆ ಕಡೆ ಎಸೆಯುತ್ತಾಳೆ. ಪುಣೆಯಿಂದ ಬರುವ ನನ್ನ ಅಕ್ಕನ ಮಗ ತೆರೆಯ ಮೇಲಿನ ಮಾತಿಗಿಂತ ಅವ್ವನ ಮಾತನ್ನೇ ಹೆಚ್ಚು ಕೇಳಿಸಿಕೊಳ್ಳುತ್ತಿದ್ದ. ಈಗ ಅವನೂ ಕ್ರಿಕೆಟ್ ನೋಡುವಾಗ ಅಂಪೈರನನ್ನು ಅದೇ ಧಾಟಿಯಲ್ಲಿ ಬಯ್ಯುತ್ತಾನೆ. ಬೀದರಿನ ಅಣ್ಣ ಹೇಳಿದ ನಮ್ಮ ಸೀಮೆಯ ಕನ್ನಡ ಸಿನಿಮಾದಲ್ಲಿ ಇಲ್ಲದಿದ್ದರೂ ಸಿನಿಮಾದ ಎದುರು ಕೂತವರ ಬಾಯಲ್ಲಿ ಇದೆ. ಯಾವ ಸಿನಿಮಾ ಎಂಬುದನ್ನು ಆಯಿಯೇ ಆರಿಸಲಿ.

ಮೂಲ ಕಲಬುರಗಿ, ಈಗ ಡಲ್ಲಾಸ್

ಎಲ್ಲರಿಗೂ ಧನ್ಯವಾದಗಳು. ಬರುವ ಶುಕ್ರವಾರಕ್ಕೆ ‘ಚಿನ್ನಾರಿ ಮುತ್ತ’ ಎಂದು ತೀರ್ಮಾನಿಸಿದ್ದೇವೆ, ‘ಬೆಟ್ಟದ ಹೂವು’ ಆಯಿಯ ಮನೆಗೆ ಉಳಿಯುತ್ತದೆ. ಸಬ್‌ಟೈಟಲ್ ವಿಚಾರವನ್ನು ಯಾರಾದರೂ ಹೇಳುವಿರಾ?

ಮೂಲ ಕಲಬುರಗಿ, ಈಗ ಮೆಲ್ಬರ್ನ್

ಕ್ಷಮಿಸಿ ಅಕ್ಕಾ, ಅದನ್ನು ಬರೆಯಬೇಕೆಂದಿದ್ದೆ, ಚರ್ಚೆ ಬೇರೆಡೆಗೆ ಹೋಯಿತು. ಹೊಸ ಸಿನಿಮಾಗಳಿಗೆ ಓಟಿಟಿಯಲ್ಲಿ ಸಾಮಾನ್ಯವಾಗಿ ಇಂಗ್ಲಿಷ್ ಸಬ್‌ಟೈಟಲ್ ಇರುತ್ತದೆ. ಹಳೆಯವು ಯೂಟ್ಯೂಬಿನಲ್ಲಿ ಸಿಕ್ಕರೂ ಬಹುತೇಕ ಬರಿದಾಗಿಯೇ ಇರುತ್ತವೆ. ಅಂಥವಕ್ಕೆ ನಾವು ಮಾಡುವುದು ಇಷ್ಟೇ: ಊಟದ ಹೊತ್ತಿಗೆ ಅರ್ಧ ಕಥೆಯನ್ನು ಕನ್ನಡದಲ್ಲಿ ಮೊದಲೇ ಹೇಳಿರುತ್ತೇವೆ, ಸಿನಿಮಾವನ್ನು ಮಧ್ಯಂತರಕ್ಕೆ ನಿಲ್ಲಿಸಿ ಉಳಿದದ್ದನ್ನು ಮರುದಿನಕ್ಕೆ ಇಡುತ್ತೇವೆ. ಸಬ್‌ಟೈಟಲ್ ಇದ್ದರೆ ಮಗಳು ಅದನ್ನೇ ಓದುತ್ತಾ ಕೂರುತ್ತಾಳೆ, ಕಿವಿಗೆ ಕೆಲಸವೇ ಇರುವುದಿಲ್ಲ. ಮೊದಲ ಬಾರಿ ಸಬ್‌ಟೈಟಲ್ ಹಾಕಿ ನೋಡಿ, ಇಷ್ಟವಾದ ದೃಶ್ಯಗಳನ್ನು ಎರಡನೆಯ ಬಾರಿ ತೆಗೆದು ನೋಡಿರಿ.

ಮೂಲ ಯಾದಗಿರಿ, ಈಗ ನ್ಯೂಜೆರ್ಸಿ

‘ಕಸ್ತೂರಿ ನಿವಾಸ’ಕ್ಕೆ ಸಬ್‌ಟೈಟಲ್ ಬೇಕಿಲ್ಲ, ಮುಖ ನೋಡಿದರೆ ಸಾಕು. ಕಪ್ಪು-ಬಿಳುಪು ಎಂದು ಮಕ್ಕಳು ಮುಖ ತಿರುಗಿಸಿದರೆ 2014ರಲ್ಲಿ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದ ಪ್ರತಿಯಿದೆ. ನನಗಂತೂ ಅದು ಒಗ್ಗಲಿಲ್ಲ. ಆದರೆ ನೋಡದೇ ಇರುವುದಕ್ಕಿಂತ ಅದು ಮೇಲು.